ಸೀಕ್ವೆಲ್ಲೋ ಎಸ್‌ಕ್ಯೂಎಲ್ಲೋ ಅನ್ನೋ ಚಿಂತೆ ಬಿಡು ತಮ್ಮ

ಚಿತ್ರದುರ್ಗದಿಂದ ಮ್ಯಾಂಚೆಸ್ಟರ್‌ಗೆ ಹೊರಟಿದ್ದೀಯ. ಡೇಟಾಬೇಸಿನ ಜೊತೆ ಮಾತಾಡೋ ಭಾಷೆ SQL ಅನ್ನ ಮೀಟಿಂಗಲ್ಲಿ ಎಸ್‌ಕ್ಯೂಎಲ್ ಅನ್ನಬೇಕಾ ಸೀಕ್ವೆಲ್ ಅನ್ನಬೇಕಾ, ತಪ್ಪಾದ್ರೆ ನಗ್ತಾರಾ, ಬಾಡಿಗೆ ಮನೆ ಹೇಗೆ ಅಂತ ಕೇಳಿದ್ದೀಯ. ಮನೆ ವಿಷ್ಯ ಇಲ್ಲಿಗೆ ಬಂದು ಕಣ್ಣಾರೆ ನೋಡಿ ಮಾಡು, ಅಲ್ಲಿಂದಲೇ ದುಡ್ಡು ಕಳಿಸಬೇಡ. ಖಾರದಪುಡಿ ಅಮ್ಮನ ಹತ್ರ ಮಾಡಿಸಿಕೊಂಡು ಬಾ, ಇಲ್ಲಿಯದ್ದು ಮಂಡಕ್ಕಿಗೆ ಹತ್ತಲ್ಲ.

ಎಸ್‌ಕ್ಯೂಎಲ್ ಎರಡು ಥರಾನೂ ನಡೆಯುತ್ತೆ. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಇಟ್ಟ ಹೆಸರೇ ಸೀಕ್ವೆಲ್. ಬ್ರಿಟನ್ನಿನ ವಿಮಾನ ಕಂಪನಿಯೊಂದರ ಟ್ರೇಡ್‌ಮಾರ್ಕ್ ಅಡ್ಡ ಬಂದು ಆಮೇಲೆ ಮೂರಕ್ಷರಕ್ಕೆ ಇಳಿಯಿತು. ಮೈಕ್ರೋಸಾಫ್ಟ್ ಕಡೆಯವರು ಸೀಕ್ವೆಲ್ ಸರ್ವರ್ ಅಂತಾರೆ. ಮೈಎಸ್‌ಕ್ಯೂಎಲ್‌ನ ಮ್ಯಾನ್ಯುಯಲ್ ಅಕ್ಷರ ಬಿಡಿಸಿ ಹೇಳಿ ಅನ್ನುತ್ತೆ, ಮೈಸೀಕ್ವೆಲ್ ಅಂದ್ರೂ ಬೇಜಾರಿಲ್ಲ ಅಂತ ಅಲ್ಲೇ ಸೇರಿಸುತ್ತೆ. ಗಿಫ್ ಮಾಡಿದ ಸ್ಟೀವ್ ವಿಲ್‌ಹೈಟ್ 2013ರಲ್ಲಿ ಅದು ಜಿಫ್ ಅಂದ್ರೂ ಅರ್ಧ ಜನ ಕೇಳಲಿಲ್ಲ. ಕೋಡಿನಲ್ಲಿ ಬರೋ char ಅನ್ನೋದಕ್ಕೆ ಚಾರ್, ಕಾರ್, ಕೇರ್ ಮೂರೂ ಒಂದೇ ಟೀಮಲ್ಲಿ ಇರ್ತಾವೆ. ಇದಕ್ಕೆಲ್ಲ ಯಾರೂ ನಗಲ್ಲ.

ಕೆಲಸ ಕೆಡಿಸೋವು ಬೇರೆ. ಇಲ್ಲಿ ರೂಟರ್, ಅಮೆರಿಕದಲ್ಲಿ ರೌಟರ್. ಆಸ್ಟ್ರೇಲಿಯಾದವರೂ ರೌಟರ್ ಅಂತಾರೆ, ಅಲ್ಲಿ ರೂಟ್ ಅಂದ್ರೆ ಪೋಲಿ ಮಾತು. ಮತ್ತೆ ಬೇಕಾಗೋ ಡೇಟಾ ಹತ್ತಿರ ಇಟ್ಟುಕೊಳ್ಳೋ ಕ್ಯಾಶ್ (cache) ಆಸ್ಟ್ರೇಲಿಯಾದವರ ಬಾಯಲ್ಲಿ ಕೇಶ್ ಆಗಬಹುದು. ನಾವು ಓದಿದ ಹಾಗೆ ಕ್ಯಾಚ್ ಅಂದ್ರೆ ಮಾತ್ರ ಎಕ್ಸೆಪ್ಷನ್, ಅಂದ್ರೆ ಪ್ರೋಗ್ರಾಮಿನ ಎಡವಟ್ಟು, ಹಿಡಿಯೋ ಕೋಡ್ (catch) ಅಂದ್ಕೊಳ್ತಾರೆ. ನಮ್ಮ ಝೆಡ್ ಇಲ್ಲಿ ಸರಿ, ಅಮೆರಿಕದವರ ಫೋನ್ ಕಾಲಲ್ಲಿ ಝೀ. ಬ್ರ್ಯಾಕೆಟ್ ಅಂದ್ರೆ ಇಲ್ಲಿ ದುಂಡನೆಯದು, ಅಮೆರಿಕದವರಿಗೆ ಚೌಕದ್ದು. ಅದಕ್ಕೇ ರೌಂಡ್, ಸ್ಕ್ವೇರ್, ಕರ್ಲಿ ಅಂತ ಬಿಡಿಸಿ ಹೇಳು. ಅಮೆರಿಕದವರು ಪೌಂಡ್ ಒತ್ತು ಅಂದ್ರೆ ಹ್ಯಾಶ್ (#). ಇಲ್ಲಿನ ಕೀಬೋರ್ಡಲ್ಲಿ ಶಿಫ್ಟ್ ಜೊತೆ 3 ಒತ್ತಿದ್ರೆ ದುಡ್ಡಿನ ಪೌಂಡ್ ಬರುತ್ತೆ, ಹ್ಯಾಶ್ ಎಂಟರ್ ಪಕ್ಕದಲ್ಲಿದೆ. ಆಟ್ ಗುರುತು, ಡಬಲ್ ಕೋಟ್ಸ್ ಅದಲುಬದಲು. ಮೊದಲ ವಾರ ಪಾಸ್‌ವರ್ಡ್ ತಪ್ಪಾಗ್ತಿದ್ರೆ ಅಲ್ಲಿ ನೋಡು.

ಇನ್ನು ನಮ್ಮವೇ ಎರಡು. ದಾವಣಗೆರೆಯ ಬಿಐಇಟಿಲಾಗಲಿ ಯುಬಿಡಿಟಿಲಾಗಲಿ ಇಂಜಿನಿಯರಿಂಗ್ ಓದಿದವರು ವಿಷಯದಲ್ಲಿ ಯಾರಿಗೂ ಕಮ್ಮಿ ಇಲ್ಲ, ಆದ್ರೆ ನಾಲಿಗೆ ನಮ್ಮೂರಿಂದೇ. ಎಸ್ ಅನ್ನೋದು ಬಾಯಿಂದ ಯೆಸ್ ಆಗಿ ಬೀಳುತ್ತೆ. ಸರ್ವರ್ ರೀಸ್ಟಾರ್ಟ್ ಮಾಡ್ಲಾ ಅಂತ ಅವರು ಕೇಳಿದಾಗ ನೀನು "ಯೆಸ್ಸೆಸ್ಸೆಚ್..." (SSH, ದೂರದ ಸರ್ವರಿಗೆ ಲಾಗಿನ್ ಆಗೋ ದಾರಿ) ಅಂತ ಶುರು ಮಾಡಿದ್ರೆ, ಅದು ಅವರಿಗೆ ಒಪ್ಪಿಗೆ. ಎರಡನೇದು ನಮ್ಮ ಒಂದೇ ವ, ಇಂಗ್ಲಿಷಿನ V, W ಎರಡಕ್ಕೂ ಅದೇ. ಜಾವಾ ಸರ್ವರ್ ಟಾಮ್‌ಕ್ಯಾಟ್‌ಗೆ ಹಾಕೋ ವಾರ್ (WAR) ಫೈಲೂ ಲಿನಕ್ಸಿನ ವಾರ್ (var) ಫೋಲ್ಡರೂ ನಮ್ಮ ಬಾಯಲ್ಲಿ ಒಂದೇ. ಫೋಲ್ಡರಿನದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ಫೈಲಿನದಕ್ಕೆ ಹಲ್ಲು ಬೇಡ, ಒಲೆ ಊದೋ ಹಾಗೆ ತುಟಿ ದುಂಡಗೆ ಮಾಡು. ಇಷ್ಟು ತಿದ್ದಿಕೋ ಸಾಕು. ಹೆಚ್ ಬಿಡಬೇಕಿಲ್ಲ, ಐರ್ಲೆಂಡಿನವರೂ ಹಾಗೇ ಅಂತಾರೆ. ಪೂರ್ತಿ ಅವರ ಥರ ಮಾತಾಡೋಕೆ ಹೋದವರ ಕನ್ನಡ ಊರಲ್ಲಿ ಫೋನ್ ಎತ್ತಿದವರಿಗೇ ಬೇರೆಯಾಗಿ ಕೇಳಿಸುತ್ತೆ, ಆ ಸಂಕಟ ನಿಂಗೆ ಬೇಡ.

ಕಷ್ಟದ ಪಾಠ ಇರೋದು ಕಿವೀಲಿ. ದೊಡ್ಡವರನ್ನ ಮತ್ತೆ ಮತ್ತೆ ಕೇಳಬಾರದು ಅಂತ ಬೆಳೆದವರು ನಾವು, ಅರ್ಥ ಆಗದಿದ್ರೂ ಹೂಂ ಅಂತೀವಿ. ಇಲ್ಲಿ ಹೂಂ ಅಂದ್ರೆ ಕೆಲಸ ನಿನ್ನ ಹೆಗಲಿಗೆ. ನಾನು ಬಂದ ಹೊಸದರಲ್ಲಿ ಇದನ್ನ ಯಾರೂ ಹೇಳಲಿಲ್ಲ, ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ಫೋನ್ ಕಾಲಲ್ಲಿ ಅವರು ಕಮಾಂಡ್ ಹೇಳಿದ್ರೆ ಟೈಪ್ ಮಾಡು, ಎಂಟರ್ ಒತ್ತಬೇಡ, ಒಂದೊಂದೇ ಅಕ್ಷರ ವಾಪಸ್ ಓದಿ ಹೇಳು: ಆರ್ ರೋಮಿಯೋ, ಎಂ ಮೈಕ್, ಸ್ಪೇಸ್, ಡ್ಯಾಶ್, ಆರ್ ರೋಮಿಯೋ. ಅದು rm -r, ಫೋಲ್ಡರ್ ಅಳಿಸೋ ಕಮಾಂಡ್. ಡಿ ಫಾರ್ ದಾವಣಗೆರೆ ಅಂದ್ರೆ ಅವರಿಗೆ ತಿಳಿಯಲ್ಲ, ಡೆಲ್ಟಾ ಅನ್ನು. ಎಗೆ ಆಲ್ಫಾ, ಬಿಗೆ ಬ್ರಾವೋ ಅನ್ನೋ ಪಟ್ಟಿ ವಿಮಾನದಲ್ಲೇ ಬಾಯಿಪಾಠ ಮಾಡು. ಸ್ಪೇಸ್ ಅನ್ನೋದನ್ನೂ ಬಾಯಿಬಿಟ್ಟು ಹೇಳು, ಯಾಕಂದ್ರೆ ಸ್ಲ್ಯಾಶ್ ಆದ್ಮೇಲೆ ಒಂದು ಸ್ಪೇಸ್ ಬಿದ್ರೆ ಒಂದು ಪಾತ್ (ಫೋಲ್ಡರಿನ ವಿಳಾಸ) ಎರಡಾಗಿ ಒಡೆದು ಅಳಿಸಬಾರದ ಫೋಲ್ಡರ್ ಅಳಿಸಿಹೋಗುತ್ತೆ. ಡಿಲೀಟ್ ಕಮಾಂಡ್ ಆದ್ರೆ ಚಾಟ್‌ನಲ್ಲೂ ಹಾಕಿ, ಅವರು ಓಕೆ ಅಂತ ಬರೆದ ಮೇಲೇ ಎಂಟರ್ ಒತ್ತು.