‘ಉದ್ಭವಿಸುವುದಿಲ್ಲ’ ಎಂದು ಬರೆದವನ ಉತ್ತರಗಳು

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದವು. ಶಾಸಕರು, ಸಂಸದರು ಸರ್ಕಾರವನ್ನು ಪ್ರಶ್ನೆ ಕೇಳುತ್ತಾರಲ್ಲ, ಅದು ಹೇಗೆ ನಡೆಯುತ್ತದೆ, ಅದರಿಂದ ಏನಾದರೂ ಆಗುತ್ತದೆಯೇ ಎಂದು. ನಿವೃತ್ತನಾಗುವ ತನಕ ಸಚಿವಾಲಯದ ಒಂದು ಇಲಾಖೆಯಲ್ಲಿ ಶಾಖಾಧಿಕಾರಿಯಾಗಿ ಇಂಥ ಪ್ರಶ್ನೆಗಳಿಗೆ ಉತ್ತರದ ಕರಡು ಬರೆದವನು ನಾನು. ಕೇಳುವವರ ಕಡೆಯವನಲ್ಲ, ತಪ್ಪಿಸಿಕೊಳ್ಳುವವರ ಕಡೆಯವನು ಎಂದು ಇಟ್ಟುಕೊಳ್ಳಿ. ಯಾವ ಇಲಾಖೆ, ಯಾವ ವರ್ಷ ಎಂದು ಮಾತ್ರ ಕೇಳಬೇಡಿ. ಅದಕ್ಕೆ ನನ್ನ ಉತ್ತರ: ‘ಉದ್ಭವಿಸುವುದಿಲ್ಲ.’

*ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಪಠ್ಯದಲ್ಲಿದೆ ಸರ್. ಒಂದು ಚುಕ್ಕೆಯಿಂದ ಅಷ್ಟೇನು ವ್ಯತ್ಯಾಸ? ಪರೀಕ್ಷೆ ಹತ್ತಿರ ಬಂತು.*
— ಪದವಿ ವಿದ್ಯಾರ್ಥಿನಿ

ಪರೀಕ್ಷೆಗೆ ಬೇಕಾದ್ದನ್ನು ಮೊದಲು ಬರೆದುಕೊಳ್ಳಮ್ಮ. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಅದರ ಬೆನ್ನಿಗೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಉತ್ತರ ಬರಹದಲ್ಲಿ ಬಂದು ಸದನದ ಮೇಜಿನ ಮೇಲೆ ಕೂರುತ್ತದೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಲೋಕಸಭೆಯ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ಕ್ಕೆ. ರಾಜ್ಯಸಭೆಯವರು 2014ರಲ್ಲಿ ಅದನ್ನು ಮಧ್ಯಾಹ್ನ 12ಕ್ಕೆ ಹಾಕಿಕೊಂಡರು. ಪ್ರಶ್ನೆ 150 ಪದ ಮೀರಬಾರದು, ಅದರಲ್ಲಿ ವಾದ, ವ್ಯಂಗ್ಯ, ಊಹೆ ಇರಬಾರದು, ಸಚಿವರ ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ವಿಷಯ ಎತ್ತಬಾರದು. ಲೋಕಸಭೆಯಲ್ಲಿ ಚುಕ್ಕೆಯ ಪ್ರಶ್ನೆಗಳ ಪಟ್ಟಿ ಹಸಿರು ಕಾಗದದ ಮೇಲೆ, ಉಳಿದದ್ದು ಬಿಳಿಯ ಮೇಲೆ. ಇದನ್ನು ಪರೀಕ್ಷೆಯಲ್ಲಿ ಬರೆದರೆ ಮೌಲ್ಯಮಾಪಕರು ಕಣ್ಣರಳಿಸಿಯಾರು.

ಪಠ್ಯದಲ್ಲಿ ಇಲ್ಲದ್ದು ಇದು: ಇಲಾಖೆಯಲ್ಲಿ ಯಾರೂ ಪ್ರಶ್ನೆಗೆ ಹೆದರುವುದಿಲ್ಲ, ಉಪಪ್ರಶ್ನೆಗೆ ಹೆದರುತ್ತಾರೆ. ಪ್ರಶ್ನೆ ದಿನಗಟ್ಟಲೆ ಮೊದಲೇ ಕೈಗೆ ಬಂದಿರುತ್ತದೆ, ಉತ್ತರವನ್ನು ಇಸ್ತ್ರಿ ಮಾಡಿ ಇಟ್ಟಿರುತ್ತೇವೆ. ಉಪಪ್ರಶ್ನೆ ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಅದಕ್ಕೇ ಅರ್ಧ ಪುಟದ ಉತ್ತರಕ್ಕೆ ಇಟ್ಟಿಗೆ ಗಾತ್ರದ ಟಿಪ್ಪಣಿ ಕಡತ ಜೊತೆಗೆ ಹೋಗುತ್ತಿತ್ತು. ಬ್ರಿಟಿಷರಿಗೂ ಇದು ಗೊತ್ತಿತ್ತು. 1892ರ ಕಾಯ್ದೆಯಲ್ಲಿ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳಲು ಬಿಟ್ಟರು, ಉಪಪ್ರಶ್ನೆಗೆ ಬಿಡಲಿಲ್ಲ. 1893ರಲ್ಲಿ ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆ ಯಾವುದು ಬಲ್ಲೆಯಾ? ಪ್ರವಾಸ ಬರುವ ಅಧಿಕಾರಿಗಳಿಗೆ ಸಾಮಾನು ಒದಗಿಸಿ ಹಳ್ಳಿಯ ಅಂಗಡಿಯವರು ಪಡುವ ಪಾಡು! ಉಪಪ್ರಶ್ನೆ ಬಂದದ್ದು 1909ರ ಸುಧಾರಣೆಯಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ.

*ಸದನದಲ್ಲಿ ಬರೀ ಗದ್ದಲ, ಬಾವಿಗಿಳಿಯುವುದು, ಕಾಗದ ಹರಿಯುವುದು. ಈ ಪ್ರಶ್ನೋತ್ತರದಿಂದ ಒಂದು ರಸ್ತೆಯಾದರೂ ಆಗಿದೆಯೇ? ನೇರವಾಗಿ ಹೇಳಿ.*
— ನಿವೃತ್ತ ಶಿಕ್ಷಕರು

ನೇರವಾಗಿ ಹೇಳುತ್ತೇನೆ ಮೇಷ್ಟ್ರೇ. ಗದ್ದಲವಾಗಿ ಪ್ರಶ್ನೋತ್ತರ ಕೊಚ್ಚಿಹೋದ ದಿನ ನಮ್ಮ ಶಾಖೆಯಲ್ಲಿ ಹಬ್ಬ. ‘ಉತ್ತರಗಳನ್ನು ಮಂಡಿಸಲಾಗಿದೆ ಎಂದು ಭಾವಿಸಲಾಗುವುದು’ ಎಂದು ಪೀಠದಿಂದ ಬಂದರೆ ಮುಗಿಯಿತು, ಉಪಪ್ರಶ್ನೆಯಿಂದ ಬಚಾವ್. ಬಾವಿಗಿಳಿದವರು ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದೆವು ಎಂದುಕೊಂಡು ಮನೆಗೆ ಹೋಗುತ್ತಿದ್ದರು. ನಾವು ಕಾಫಿಗೆ ಹೋಗುತ್ತಿದ್ದೆವು. ಲೋಕಸಭೆಯಲ್ಲೂ ಪಟ್ಟಿಯ 20 ಪ್ರಶ್ನೆಗಳು ಪೂರ್ತಿ ಮುಗಿಯುವುದು ಎಷ್ಟು ಅಪರೂಪವೆಂದರೆ, 2019ರ ನವೆಂಬರ್ 27ರಂದು ಹಾಗೆ ಆದಾಗ ‘1972ರ ನಂತರ ಇದೇ ಮೊದಲು’ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಗದ್ದಲ ಇಲ್ಲದ ದಿನವೂ ಪಾರಾಗುವ ದಾರಿ ನಮಗಿತ್ತು. ನಮ್ಮ ವಿಧಾನಸಭೆಯ ಉತ್ತರ ಪತ್ರ ನೋಡಿದ್ದರೆ ನಿಮಗೆ ಗೊತ್ತು: ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ, ಆ, ಇ ಎಂದು ಕಂತು. ಶಾಸಕರು ಕೇಳುತ್ತಾರೆ: ‘(ಅ) ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಬಲಗಡೆ ನಾನು: ‘ಬಂದಿದೆ.’ ‘(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ‘ಅನುದಾನದ ಲಭ್ಯತೆಯನ್ನಾಧರಿಸಿ ಹಂತ ಹಂತವಾಗಿ ಕ್ರಮ ವಹಿಸಲಾಗುತ್ತಿದೆ.’ ಅಥವಾ (ಅ)ಕ್ಕೆ ‘ಬಂದಿಲ್ಲ’ ಎಂದುಬಿಟ್ಟರೆ ಇನ್ನೂ ಸಲೀಸು, ಕೆಳಗಿನ ಎಲ್ಲಕ್ಕೂ ‘ಉದ್ಭವಿಸುವುದಿಲ್ಲ.’ ಕಾಲು ಗಂಟೆಯ ಕೆಲಸ. ಅದರಲ್ಲಿ ಸುಳ್ಳು ಒಂದಕ್ಷರ ಇಲ್ಲ, ಸುದ್ದಿಯೂ ಒಂದಕ್ಷರ ಇಲ್ಲ.

ಒಬ್ಬ ಸದಸ್ಯರಿದ್ದರು. ವಯಸ್ಸಾದವರು, ದನಿ ಏರಿಸಿದ್ದನ್ನು ನಾನು ಕೇಳಿಯೇ ಇಲ್ಲ. ಅವರ ಹೆಸರಿನ ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಬಂತೆಂದರೆ ಶಾಖೆಯ ದೀಪ ರಾತ್ರಿ ಹತ್ತಕ್ಕೂ ಆರುತ್ತಿರಲಿಲ್ಲ. ‘ಗಮನಕ್ಕೆ ಬಂದಿದೆಯೇ’ ಎಂದು ಅವರು ಯಾವತ್ತೂ ಕೇಳಿದವರಲ್ಲ. ಒಮ್ಮೆ ಅವರು ಕೇಳಿದ್ದು ಬರೀ ಒಂದು ಪಟ್ಟಿ: ಮೂರು ವರ್ಷಗಳಲ್ಲಿ ಕೊರೆದ ಕೊಳವೆಬಾವಿಗಳು, ಗ್ರಾಮವಾರು. ಕೊರೆದ ದಿನಾಂಕ, ಪಂಪು ಇಳಿಸಿದ ದಿನಾಂಕ, ಕರೆಂಟು ಕೊಟ್ಟ ದಿನಾಂಕ, ಬಿಲ್ಲು ಪಾವತಿಸಿದ ದಿನಾಂಕ. ಅಭಿಪ್ರಾಯವಿಲ್ಲ, ಆರೋಪವಿಲ್ಲ. ಜಿಲ್ಲೆಯಿಂದ ಮಾಹಿತಿ ತರಿಸಿ, ರಾತ್ರಿಯೆಲ್ಲ ಕೂತು ಟೈಪು ಮಾಡಿಸಿ, ಅನುಬಂಧ ಹೊಲಿದು ಕೊಟ್ಟೆವು. ನಾನೇ ತಾಳೆ ನೋಡಿ ಸಹಿ ಹಾಕಿದ್ದೆ.

ಮರುದಿನ ನಾನು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದೆ. ಆ ಹಿರಿಯರು ಎದ್ದು, ಕನ್ನಡಕ ಏರಿಸಿ, ‘ಮಾನ್ಯ ಸಭಾಧ್ಯಕ್ಷರೇ, ಅನುಬಂಧದ ನಾಲ್ಕನೇ ಪುಟ, ಮೇಲಿನಿಂದ ಆರನೇ ಸಾಲು’ ಎಂದರು. ಸದನದಲ್ಲಿ ಪುಟ ತಿರುವುವ ಸದ್ದು. ‘ಇಲ್ಲಿ ಬಾವಿ ಕೊರೆದದ್ದು ಜೂನ್‌ನಲ್ಲಿ. ಪಂಪು ಇಳಿಸಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಆ ಎರಡು ತಿಂಗಳು ಪಂಪು ಎಲ್ಲಿ ಇಳಿದಿತ್ತು ಅಂತ ಸಚಿವರು ಹೇಳಬಹುದೇ?’

ಸಚಿವರು ತಿರುಗಿ ನಮ್ಮ ಕಡೆ ನೋಡಿದರು. ಆ ನೋಟ ನನಗೆ ಇವತ್ತೂ ಮರೆತಿಲ್ಲ. ಚೀಟಿಯ ಮೇಲೆ ‘ಬೆರಳಚ್ಚಿನ ದೋಷ’ ಎಂದು ಗೀಚಿ ಕಳಿಸಿದೆ. ಅವರು ಅದನ್ನೇ ಓದಿದರು. ಹಿರಿಯರು ಬಿಡಲಿಲ್ಲ: ‘ಇರಬಹುದು. ಹಾಗಾದರೆ ಕಾಮಗಾರಿ ಬರೆದಿಡುವ ಅಳತೆ ಪುಸ್ತಕ ತರಿಸಿ ಸದನದ ಮುಂದಿಡಿ.’ ಇಡುತ್ತೇವೆ ಎನ್ನದೆ ಸಚಿವರಿಗೆ ಬೇರೆ ದಾರಿ ಇರಲಿಲ್ಲ. ಪುಸ್ತಕ ಬಂತು, ಅದು ಬೆರಳಚ್ಚಿನ ದೋಷ ಆಗಿರಲಿಲ್ಲ. ಒಬ್ಬರ ಅಮಾನತಾಯಿತು, ಮೂರು ಊರಿನ ಬಾವಿಗಳಿಗೆ ನಿಜವಾಗಿ ಪಂಪು ಬಂತು. ರಸ್ತೆಯ ವಿಷಯ ನನಗೆ ತಿಳಿಯದು ಮೇಷ್ಟ್ರೇ, ನೀರು ಬಂದದ್ದು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಇದೇ ರೀತಿಯ ದೊಡ್ಡ ಕಥೆ ಮುಂಧ್ರಾ ಹಗರಣದ್ದು. ಎಲ್‌ಐಸಿ ಹುಟ್ಟಿ ಇನ್ನೂ ವರ್ಷವಾಗಿತ್ತಷ್ಟೆ. 1957ರಲ್ಲಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಿಗೆ ಅದು ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಸೆಪ್ಟೆಂಬರ್‌ನಲ್ಲಿ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರದಲ್ಲಿ ಏನೂ ಬಗೆಹರಿಯಲಿಲ್ಲ. ಪ್ರಶ್ನೆ ಮತ್ತೆ ಬಂತು. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಎದ್ದು ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ಅವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮೊದಲ ಉತ್ತರಕ್ಕೆ ತೃಪ್ತರಾಗಿ ಕೂತಿದ್ದರೆ ಕಡತ ಅಲ್ಲೇ ಮುಚ್ಚಿಹೋಗುತ್ತಿತ್ತು.

*ಶೂನ್ಯ ವೇಳೆ ಎಂದರೆ ಅದರಿಂದ ಸಿಗುವುದು ಸೊನ್ನೆ ಎಂದೇ?*
— ಹೆಸರು ಬೇಡ ಎಂದವರು

ಲೋಕಸಭೆಯಲ್ಲಿ ಪ್ರಶ್ನೋತ್ತರ ಮುಗಿದು ಪಟ್ಟಿಯ ಬೇರೆ ಕೆಲಸ ಶುರುವಾಗುವ ನಡುವಿನ ಹೊತ್ತು ಅದು. ಅರವತ್ತರ ದಶಕದಲ್ಲಿ ರೂಢಿಗೆ ಬಂತು, ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ. ಸಚಿವರು ಅಲ್ಲೇ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಆದ್ದರಿಂದ ನಿಮ್ಮ ಅನುಮಾನದಲ್ಲಿ ಹುರುಳಿದೆ.

*ಸಚಿವರು ಸದನದಲ್ಲಿ ‘ಪರಿಶೀಲಿಸುತ್ತೇವೆ’ ಎಂದು ಹೇಳಿ ಕೈತೊಳೆದುಕೊಂಡರೆ ಕೇಳುವವರು ಯಾರು? ಸುಳ್ಳೇ ಹೇಳಿದರೆ?*
— ವಕೀಲರು

ಸ್ವಾಮಿ, ‘ಪರಿಶೀಲಿಸುತ್ತೇವೆ’ ಎನ್ನುವುದು ಹೊರಗೆ ನುಣುಚಿಕೊಳ್ಳುವ ಮಾತು, ಸದನದ ಒಳಗೆ ಅದು ಸಾಲಪತ್ರ. ಲೋಕಸಭೆಯಲ್ಲಿ 1953ರಿಂದಲೂ ಭರವಸೆಗಳ ಸಮಿತಿ ಇದೆ. ನಮ್ಮ ವಿಧಾನ ಮಂಡಲದಲ್ಲೂ ಇದೆ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’, ‘ಪರಿಶೀಲನೆಯಲ್ಲಿದೆ’ ಇಂಥ ಮಾತುಗಳನ್ನು ಹೆಕ್ಕಿ ತೆಗೆದು, ಭರವಸೆ ಎಂದು ಲೆಕ್ಕಕ್ಕೆ ಹಿಡಿದು, ಈಡೇರಿತೇ ಎಂದು ಕೇಳುವುದು ಅದರ ಕೆಲಸ. ಲೋಕಸಭೆಯಲ್ಲಿ ಗಡುವು ಮೂರು ತಿಂಗಳು. ಗಡುವು ವಿಸ್ತರಿಸಿ ಎಂದು ಬರೆದ ಪತ್ರಗಳನ್ನು ತೂಕಕ್ಕೆ ಹಾಕಿದ್ದರೆ ನನ್ನ ಕಾಲದಲ್ಲೇ ಒಂದು ಗಾಡಿ ಆಗುತ್ತಿತ್ತು, ಅದು ಬೇರೆ ಮಾತು. ಆದರೂ ಸಮಿತಿಯ ಮುಂದೆ ಕಾರ್ಯದರ್ಶಿಗಳು ಖುದ್ದು ಹಾಜರಾಗಬೇಕು, ಅಲ್ಲಿ ಚೀಟಿ ಕಳಿಸಲು ಆಗುವುದಿಲ್ಲ.

ತಪ್ಪು ಮಾಹಿತಿ ಕೊಟ್ಟದ್ದು ಗೊತ್ತಾದರೆ ಸಚಿವರೇ ತಿದ್ದುಪಡಿ ಹೇಳಿಕೆ ಕೊಡಬೇಕು. ಬೇಕೆಂದೇ ದಾರಿ ತಪ್ಪಿಸಿದ್ದಾದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೇ ಧಕ್ಕೆ. ಆದರೆ ‘ಬೇಕೆಂದೇ’ ಎಂಬುದನ್ನು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕೇ?

*ಬ್ರಿಟನ್ನಿನಲ್ಲಿ ಪ್ರಧಾನಿಯೇ ವಾರವಾರ ನಿಂತು ಉತ್ತರಿಸುತ್ತಾರಂತೆ. ನಮ್ಮಲ್ಲೇಕೆ ಇಲ್ಲ?*
— ಬ್ಯಾಂಕ್ ಉದ್ಯೋಗಿ

ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ, ಅರ್ಧ ಗಂಟೆ. 1997ರ ತನಕ ವಾರಕ್ಕೆರಡು ಸಲ ಹದಿನೈದು ಹದಿನೈದು ನಿಮಿಷ ಇತ್ತು. ಅಲ್ಲಿನ ಚಮತ್ಕಾರ ನೋಡಿ: ಸದಸ್ಯರು ಲಿಖಿತವಾಗಿ ಕೊಡುವ ಪ್ರಶ್ನೆ ‘ಪ್ರಧಾನಿಯವರ ಇಂದಿನ ಕಾರ್ಯಕ್ರಮಗಳೇನು’ ಎಂದು, ಅಷ್ಟೆ. ನಿಜವಾದ ಬಾಣ ಉಪಪ್ರಶ್ನೆಯಾಗಿ ಬರುತ್ತದೆ, ಪ್ರಧಾನಿಗೆ ಮೊದಲೇ ಗೊತ್ತಿರುವುದಿಲ್ಲ. ನೋಡಲು ಮಜವಾಗಿರುತ್ತದೆ. ಆದರೆ ನನ್ನ ಅನುಭವದ ಕಣ್ಣಿಗೆ ಅದು ಮಾತಿನ ಮಲ್ಲರ ಕುಸ್ತಿ, ಅಂಕಿಅಂಶ ಹೊರಬರುವುದು ಕಡಿಮೆ. ಫಿನ್ಲೆಂಡಿನದು ನನಗೆ ಹೆಚ್ಚು ಹಿಡಿಸಿತು: 20 ಸದಸ್ಯರು ಸಹಿ ಹಾಕಿ ಕೇಳಿದರೆ ಸರ್ಕಾರ 15 ದಿನದೊಳಗೆ ಉತ್ತರಿಸಬೇಕು, ಆಮೇಲೆ ವಿಶ್ವಾಸಮತ. ಅಮೆರಿಕದಲ್ಲಿ ಮಂತ್ರಿಗಳು ಸಂಸತ್ತಿನ ಸದಸ್ಯರೇ ಅಲ್ಲ, ಹಾಗಾಗಿ ಪ್ರಶ್ನೋತ್ತರ ವೇಳೆ ಇಲ್ಲ, ಸಮಿತಿಗಳು ಕರೆಸಿ ಕೂರಿಸಿ ಕೇಳುತ್ತವೆ.

ನಮ್ಮಲ್ಲಿ ಸಂವಿಧಾನದ 75ನೇ ವಿಧಿ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ ಎನ್ನುತ್ತದೆ. ರಾಜ್ಯಕ್ಕೆ 164ನೇ ವಿಧಿ. ಖಾತೆಗಳಿಗೆ ವಾರದಲ್ಲಿ ದಿನ ಹಂಚಿದೆ, ಪ್ರಧಾನಿಯ ಖಾತೆಗಳಿಗೂ ದಿನ ಉಂಟು. ಪ್ರಧಾನಿಗೆಂದೇ ಮೀಸಲಾದ ಹೊತ್ತು ಇಲ್ಲ. ಇರಬೇಕಿತ್ತು ಎಂಬುದು ನನ್ನ ಅನಿಸಿಕೆ.

*ಪ್ರಶ್ನೋತ್ತರ ಬಿಟ್ಟು ಬೇರೆ ದಾರಿಗಳಿಲ್ಲವೇ?*
— ಗೃಹಿಣಿ

ಇವೆ ತಾಯಿ, ಗಮನ ಸೆಳೆಯುವ ಸೂಚನೆ, ಮಾಮೂಲು ಕೆಲಸ ನಿಲ್ಲಿಸಿ ತುರ್ತು ವಿಷಯ ಚರ್ಚಿಸಿ ಎನ್ನುವ ನಿಲುವಳಿ ಸೂಚನೆ, ಉತ್ತರ ಸಾಲದಾದಾಗ ಕೇಳುವ ಅರ್ಧ ಗಂಟೆ ಚರ್ಚೆ. ನನಗೆ ಇಷ್ಟವಾದದ್ದು ಕಡಿತ ಸೂಚನೆ: ಒಂದು ಖಾತೆಯ ನೀತಿಯೇ ಸರಿಯಿಲ್ಲ ಎನ್ನಬೇಕಾದರೆ, ಆ ಖಾತೆಯ ಅನುದಾನದ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎಂದು ಲೋಕಸಭೆಯಲ್ಲಿ ಸೂಚನೆ ಕೊಡಬಹುದು. ಸಾವಿರಾರು ಕೋಟಿಯ ಎದುರು ಒಂದು ರೂಪಾಯಿ! ಅದು ಅಂಗೀಕಾರವಾದರೆ ಸರ್ಕಾರ ಸೋತಂತೆ, ಹಾಗಾಗಿ ಆಗುವುದೂ ಇಲ್ಲ. ಸದ್ದಿಲ್ಲದೆ ಕೆಲಸ ಮಾಡುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಹಿಡಿದು ಕೇಳುತ್ತದೆ. ಸಂಸತ್ತಿನಲ್ಲಿ 1967ರಿಂದ ಅದರ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ.

*ನನ್ನಂಥವನು ಶಾಸಕರಿಂದ ಪ್ರಶ್ನೆ ಕೇಳಿಸಬಹುದೇ? ನಮ್ಮ ಊರಿನ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದು ವರ್ಷಗಳಾದವು. ‘ಗ್ರಂಥಾಲಯದ ದುಃಸ್ಥಿತಿ ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಬರೆದಿಟ್ಟುಕೊಂಡಿದ್ದೇನೆ.*
— ಓದುಗ

ಧಾರಾಳವಾಗಿ. ಶಾಸಕರಿಗೆ ಕೊಡಿ, ಅವರು ಕೊಡದಿದ್ದರೆ ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರಿಗೆ. ಪ್ರಶ್ನೆಗೆ ದುಡ್ಡು ಕೊಡಬೇಕೆಂದು ಯಾರಾದರೂ ಅಂದರೆ 2005ರ ಡಿಸೆಂಬರನ್ನು ನೆನಪಿಸಿ: ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರನ್ನು ಎರಡೂ ಸದನಗಳು ಹೊರಹಾಕಿದವು.

ಆದರೆ ನಿಮ್ಮ ಕರಡನ್ನು ಹರಿದುಹಾಕಿ. ಅದಕ್ಕೆ ‘ಬಂದಿದೆ’ ಎಂದು ಬರೆದು ನಾನು ಐದು ನಿಮಿಷದಲ್ಲಿ ಮನೆಗೆ ಹೋಗುತ್ತಿದ್ದೆ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲು ಮಾಡುವ ಹಣ ಅದು. ಅಲ್ಲಿಂದ ಹಿಡಿಯಿರಿ. ಹೀಗೆ ಬರೆದುಕೊಡಿ:

(ಅ) ಸದರಿ ಪುರಸಭೆಯು ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಸೂಲು ಮಾಡಿರುವ ಗ್ರಂಥಾಲಯ ಕರದ ಮೊತ್ತವೆಷ್ಟು? (ವರ್ಷವಾರು ವಿವರ ನೀಡುವುದು)

(ಆ) ಅದರಲ್ಲಿ ಗ್ರಂಥಾಲಯಕ್ಕೆ ಸಂದಾಯ ಮಾಡಿರುವ ಮೊತ್ತವೆಷ್ಟು, ಸಂದಾಯ ಮಾಡಿದ ದಿನಾಂಕಗಳಾವುವು, ಬಾಕಿ ಎಷ್ಟು?

(ಇ) ಇದೇ ಅವಧಿಯಲ್ಲಿ ಸದರಿ ಗ್ರಂಥಾಲಯಕ್ಕೆ ಖರೀದಿಸಿದ ಪುಸ್ತಕಗಳ ಸಂಖ್ಯೆ, ಅವು ಗ್ರಂಥಾಲಯಕ್ಕೆ ತಲುಪಿದ ದಿನಾಂಕ, ಬಿಲ್ಲು ಪಾವತಿಸಿದ ದಿನಾಂಕ?

ಎರಡು ದಿನಾಂಕಗಳನ್ನು ಅಕ್ಕಪಕ್ಕ ಕೇಳಿದ್ದು ಸುಮ್ಮನೆ ಅಲ್ಲ. ಉತ್ತರ ಬಂದಾಗ ಮೊದಲು ಅನುಬಂಧ ಓದಿ.