ಸೊನ್ನೆಯಿಂದ ಭಾಗಿಸೋದು ಹೇಗೆ ಸರ್?

ಪ್ರಶ್ನೆ: ಎಂ.ಎಸ್ಸಿ. ಕ್ಲಾಸಿನಲ್ಲಿ ಮಾಶ್ಕೆ ಪ್ರಮೇಯ ಮುಗಿಯಿತು. 'ಫೀಲ್ಡಿನ ಕ್ಯಾರಕ್ಟರಿಸ್ಟಿಕ್ ಪಿ ಆಗಿದ್ದರೆ ಆ ಪಿ ಗ್ರೂಪಿನ ಆರ್ಡರನ್ನು ಭಾಗಿಸಬಾರದು' ಅಂತ ಹೇಳಿ ಮೇಷ್ಟ್ರು ಮುಂದೆ ಹೋಗಿಬಿಟ್ಟರು. ಭಾಗಿಸಿದರೆ ಏನಾಗುತ್ತದೆ ಸರ್? – ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೇಷ್ಟ್ರು ದಾಟಿ ಹೋದ ಆ ಒಂದು ಸಾಲಿನಲ್ಲಿ ಇಡೀ ಒಂದು ವಿಷಯವೇ ಕೂತಿದೆ. ಅದರ ಹೆಸರು ಮಾಡ್ಯುಲರ್ ರೆಪ್ರೆಸೆಂಟೇಶನ್ ಥಿಯರಿ.

ರೆಪ್ರೆಸೆಂಟೇಶನ್ ಅಂದರೆ ಒಂದು ಗ್ರೂಪು ವೆಕ್ಟರುಗಳನ್ನು ಆ ಕಡೆ ಈ ಕಡೆ ಸರಿಸುವ ಒಂದು ರೀತಿ. ಅದನ್ನು ಇನ್ನು ಒಡೆಯಲಾಗದ ಬಿಡಿ ತುಂಡುಗಳಾಗಿ ಪೂರ್ತಿ ಬೇರ್ಪಡಿಸಬಹುದು ಅನ್ನುವುದೇ ಮಾಶ್ಕೆ ಪ್ರಮೇಯ. ಪ್ರೂಫ್ ನೆನಪು ಮಾಡಿಕೊಳ್ಳಿ. ಗ್ರೂಪು ಏನು ಮಾಡಿದರೂ ತನ್ನೊಳಗೇ ಉಳಿಯುವ ಒಂದು ಸಬ್‌ಸ್ಪೇಸ್ ಇದೆ, ಅದಕ್ಕೆ ಅಂಥದ್ದೇ ಒಂದು ಜೊತೆ ಬೇಕು. ಯಾವುದೋ ಒಂದು ಪ್ರೊಜೆಕ್ಷನ್ ತೆಗೆದುಕೊಂಡು ಗ್ರೂಪಿನ ಎಲ್ಲ ಎಲಿಮೆಂಟುಗಳ ಮೇಲೆ ಸರಾಸರಿ ಮಾಡುತ್ತೇವೆ. ಸರಾಸರಿ ಅಂದರೆ ಕೂಡಿಸಿ, ಗ್ರೂಪಿನ ಆರ್ಡರಿನಿಂದ, ಅಂದರೆ ಎಲಿಮೆಂಟುಗಳ ಸಂಖ್ಯೆಯಿಂದ, ಭಾಗಿಸುವುದು, ಅಲ್ವಾ? ಕ್ಯಾರಕ್ಟರಿಸ್ಟಿಕ್ ಪಿ ಅಂದರೆ 1ನ್ನು ಪಿ ಸಲ ಕೂಡಿಸಿದರೆ ಸೊನ್ನೆ ಬರುತ್ತದೆ ಅಂತ; ಹಾಗಾಗಿ ಆ ಫೀಲ್ಡಿನಲ್ಲಿ ಪಿ ಅಂದರೆ ಸೊನ್ನೆ. ಆರ್ಡರು ಪಿ ಮಗ್ಗಿಯಲ್ಲಿ ಬಂತೋ, ಅದೂ ಸೊನ್ನೆ. ಕಥೆ ಅಲ್ಲಿಗೆ ನಿಂತಿತು.

ಆದರೆ ಈ ಪ್ರೂಫ್ ಕೈಕೊಟ್ಟರೆ ಪ್ರಮೇಯವೇ ಸುಳ್ಳು ಅಂತೇನಿಲ್ಲವಲ್ಲ, ಬೇರೆ ದಾರಿ ಇರಬಹುದು. ಇಲ್ಲ. ಎರಡೇ ಎಲಿಮೆಂಟಿನ ಗ್ರೂಪಿನಲ್ಲೇ ಅದು ಸುಳ್ಳಾಗುತ್ತದೆ. (ಎ, ಬಿ) ಕೊಟ್ಟರೆ ಅದಲುಬದಲು ಮಾಡಿ (ಬಿ, ಎ) ಕೊಡುತ್ತದೆ ಅನ್ನಿ. ರಿಯಲ್ ನಂಬರುಗಳಲ್ಲಿ (1, 1) ಹಾಗೇ ಉಳಿಯುತ್ತದೆ, (1, −1) ಚಿಹ್ನೆ ಬದಲಿಸುತ್ತದೆ. ಎರಡು ಗೆರೆ, ಕಿತ್ತಳೆ ತೊಳೆ ಬಿಡಿಸಿದ ಹಾಗೆ ಸಲೀಸಾಗಿ ಬೇರೆಯಾದವು. ಈಗ ಇದನ್ನೇ 0 ಮತ್ತು 1 ಮಾತ್ರ ಇರುವ ಫೀಲ್ಡಿನಲ್ಲಿ ಮಾಡಿ. ಅಲ್ಲಿ −1 ಅಂದರೂ 1, ಆದ್ದರಿಂದ ಆ ಎರಡು ವೆಕ್ಟರುಗಳು ಒಂದೇ ಆಗಿಬಿಟ್ಟವು! ಸೊನ್ನೆಯಲ್ಲದ ವೆಕ್ಟರುಗಳು ಇರೋದೇ ಮೂರು: (1, 0), (0, 1), (1, 1). ಮೊದಲೆರಡು ಜಾಗ ಬದಲಿಸುತ್ತವೆ, ಮೂರನೆಯದು ಕದಲುವುದಿಲ್ಲ. ಅದಕ್ಕೆ ಜೊತೆಯಾಗಿ ಇನ್ನೊಂದು ಗೆರೆ ಎಲ್ಲಿಂದ ತರುತ್ತೀರಿ?

ಹಾಗಾಗಿ ಇಲ್ಲಿ ಬಿಡಿ ತುಂಡುಗಳು ಯಾವುವು ಅಂತ ಗೊತ್ತಾದರೆ ಸಾಲದು, ಅವು ಹೇಗೆ ಅಂಟಿಕೊಂಡಿವೆ ಅನ್ನೋದೂ ಬೇಕು. ಅಂಟಿನ ಲೆಕ್ಕ ಬೇಗ ಕೈಮೀರುತ್ತದೆ. ಆರ್ಡರ್ ಪಿ ಇರುವ ಸೈಕ್ಲಿಕ್ ಗ್ರೂಪಿಗೆ, ಕ್ಯಾರಕ್ಟರಿಸ್ಟಿಕ್ ಪಿಯಲ್ಲಿ, ಬಿಡಿಸಲಾಗದ (ಅಂಟು ಬಿಡಿಸಿ ಎರಡು ಭಾಗ ಮಾಡಲಾಗದ) ರೆಪ್ರೆಸೆಂಟೇಶನ್ನುಗಳು ಸರಿಯಾಗಿ ಪಿ ಇವೆ. ಆದರೆ ನಾಲ್ಕೇ ಎಲಿಮೆಂಟಿನ ಕ್ಲೈನ್ ಗ್ರೂಪಿಗೆ ಕ್ಯಾರಕ್ಟರಿಸ್ಟಿಕ್ 2ರಲ್ಲಿ ಅವು ಅನಂತ. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಇನ್ನು ಒಡೆಯಲಾಗದ ಬಿಡಿ ತುಂಡುಗಳ ಎಣಿಕೆ ಮಾತ್ರ ಚೆಂದವಾಗಿದೆ. ಫೀಲ್ಡು ಸಾಕಷ್ಟು ದೊಡ್ಡದಿದ್ದರೆ, ಯಾವ ಕಾಂಜುಗಸಿ ಕ್ಲಾಸಿನ (ಒಂದೇ ಬಗೆಯ ಎಲಿಮೆಂಟುಗಳ ಗುಂಪಿನ) ಎಲಿಮೆಂಟುಗಳ ಆರ್ಡರನ್ನು (ಎಷ್ಟು ಸಲ ಮಾಡಿದರೆ ಮೊದಲಿದ್ದಲ್ಲಿಗೇ ಬರುತ್ತೇವೋ ಆ ಸಂಖ್ಯೆಯನ್ನು) ಪಿ ಭಾಗಿಸುವುದಿಲ್ಲವೋ ಅಂಥ ಕ್ಲಾಸುಗಳು ಎಷ್ಟೋ ತುಂಡುಗಳೂ ಅಷ್ಟೇ. ಇದು ಜರ್ಮನ್ ಗಣಿತಜ್ಞ ರಿಚರ್ಡ್ ಬ್ರೌವರ್ ಕೊಟ್ಟದ್ದು. ಎಸ್3, ಅಂದರೆ ಮೂರು ವಸ್ತುಗಳನ್ನು ಅದಲುಬದಲು ಮಾಡುವ ಗ್ರೂಪು, ನೋಡಿ. ಕಾಂಪ್ಲೆಕ್ಸ್ ನಂಬರುಗಳಲ್ಲಿ ಮೂರು ತುಂಡು, ಅಳತೆ (ಡೈಮೆನ್ಷನ್) 1, 1, 2. ಪಿ = 2 ಆದಾಗ ಎರಡು, ಅಳತೆ 1, 2. ಪಿ = 3 ಆದಾಗಲೂ ಎರಡೇ, ಆದರೆ ಅಳತೆ 1, 1, ಯಾಕೆಂದರೆ ದೊಡ್ಡದು ಒಡೆದು ಇವೆರಡರೊಳಗೇ ಸೇರಿಹೋಗುತ್ತದೆ. ಪಿ = 5 ಆದರೆ ಏನೂ ಆಗುವುದಿಲ್ಲ, ಹಳೇ ಮೂರೇ.

ಪ್ರಶ್ನೆ: ಇದಕ್ಕೂ ಮಾಡ್ಯುಲರ್ ಫಾರ್ಮ್‌ಗಳಿಗೂ ಸಂಬಂಧ ಇದೆಯಾ? – ಒಬ್ಬ ಓದುಗರು, ಮೈಸೂರು

ಉತ್ತರ: ಈ ಹೆಸರು 'ಮಾಡ್ಯುಲೋ ಪಿ'ಯಿಂದ (ಪಿಯಿಂದ ಭಾಗಿಸಿ ಶೇಷ ಮಾತ್ರ ನೋಡುವ ಲೆಕ್ಕದಿಂದ) ಬಂದದ್ದು, ಅಷ್ಟೇ; ಮಾಡ್ಯುಲರ್ ಫಾರ್ಮ್‌ಗಳು ವಿಶೇಷ ಸಮ್ಮಿತಿ ಇರುವ ಒಂದು ಬಗೆಯ ಫಂಕ್ಷನ್ನುಗಳು. ಮಾನ್‌ಸ್ಟರ್ ಅನ್ನುವ ದೈತ್ಯ ಗ್ರೂಪಿನ ಹತ್ತಿರ ಎರಡೂ ಭೇಟಿಯಾಗುತ್ತವೆ, ಅದು ಬೇರೆ ಕಥೆ. ಮಾಡ್ಯುಲರ್ ಕಿಚನ್‌ಗಂತೂ ಸಂಬಂಧವಿಲ್ಲ, ಯಾರೋ ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಇಷ್ಟೊಂದು ಒದ್ದಾಟ ಯಾರಿಗೆ ಬೇಕಾಗಿತ್ತು? – ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಬ್ರೌವರ್‌ಗೆ ಬೇಕಾಗಿತ್ತು ಸರ್. ಅವರು ಯಹೂದಿ ಮನೆತನದವರು. 1933ರಲ್ಲಿ ನಾಜಿಗಳು ಬಂದಾಗ ಜರ್ಮನಿಯ ಕೋನಿಗ್ಸ್‌ಬರ್ಗ್‌ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಅಮೆರಿಕಕ್ಕೆ ಹೋಗಿ, ಅಲ್ಲಿಂದ ಟೊರಾಂಟೊ ಸೇರಿ, ಶಿಷ್ಯ ಸೆಸಿಲ್ ನೆಸ್ಬಿಟ್ ಜೊತೆ ಈ ವಿಷಯ ಕಟ್ಟಿದರು. ಅಮೆರಿಕದ ಗಣಿತಜ್ಞ ಡಿಕ್ಸನ್ ಅದಕ್ಕೂ ಮೊದಲೇ ಕೈಹಾಕಿದ್ದರು, ಆದರೆ ಇದು ಗ್ರೂಪಿನ ಒಳಗುಟ್ಟು ತೆರೆಯುವ ಕೀಲಿಕೈ ಅಂತ ತೋರಿಸಿದ್ದು ಬ್ರೌವರ್. ಸಿಂಪಲ್ ಗ್ರೂಪುಗಳ (ಇನ್ನು ಚಿಕ್ಕ ಗ್ರೂಪುಗಳಾಗಿ ಒಡೆಯಲಾಗದ ಮೂಲ ಗ್ರೂಪುಗಳ) ವಿಂಗಡಣೆಯಲ್ಲೂ ಅದು ಕೆಲಸಕ್ಕೆ ಬಂತು.

ಇದೇ ದಾರಿಯಲ್ಲಿ ಹುಟ್ಟಿದ್ದು 1970ರ ದಶಕದ ಮೆಕೇ ಊಹೆ. ಗ್ರೂಪಿನ ಕಾಂಪ್ಲೆಕ್ಸ್ ಕ್ಯಾರಕ್ಟರುಗಳಲ್ಲಿ (ಅಂದರೆ ಕಾಂಪ್ಲೆಕ್ಸ್ ನಂಬರುಗಳ ಮೇಲಿನ ಬಿಡಿ ತುಂಡುಗಳಲ್ಲಿ) ಪಿಯಿಂದ ಭಾಗವಾಗದ ಅಳತೆಯವು ಎಷ್ಟಿವೆಯೋ, ಸೈಲೋ ಸಬ್‌ಗ್ರೂಪಿನ (ಆರ್ಡರು ಪಿಯ ಘಾತವಾಗಿರುವ ಅತಿ ದೊಡ್ಡ ಒಳಗ್ರೂಪಿನ) ನಾರ್ಮಲೈಜರಿನಲ್ಲೂ (ಅದನ್ನು ಕದಲಿಸದೆ ಇಡುವ ಎಲಿಮೆಂಟುಗಳ ಗ್ರೂಪಿನಲ್ಲೂ) ಅಷ್ಟೇ ಇರುತ್ತವೆ ಅನ್ನುತ್ತದೆ ಅದು. ನಾಲ್ಕು ವಸ್ತುಗಳ ಅದಲುಬದಲಿನ ಗ್ರೂಪು ಎಸ್4ನಲ್ಲಿ ಅಳತೆಗಳು 1, 1, 2, 3, 3. ಬೆಸ ನಾಲ್ಕು. ಪಿ = 2ಕ್ಕೆ ನಾರ್ಮಲೈಜರ್ ಅಂದರೆ ಎಂಟು ಎಲಿಮೆಂಟಿನ ಗ್ರೂಪು, ಅಳತೆ 1, 1, 1, 1, 2. ಅಲ್ಲೂ ಬೆಸ ನಾಲ್ಕೇ! ಪಿ = 2ಕ್ಕೆ ಎಲ್ಲ ಗ್ರೂಪುಗಳಲ್ಲೂ ಇದು ನಿಜ ಅಂತ 2016ರಲ್ಲಿ ಮಲ್ಲೆ ಮತ್ತು ಶ್ಪೇತ್ ತೋರಿಸಿದರು. ಉಳಿದದ್ದನ್ನು ಮುಗಿಸಿದ್ದಾಗಿ ಕಬಾನ್ ಮತ್ತು ಶ್ಪೇತ್ 2023ರಲ್ಲಿ ಹೇಳಿದರು.

ಎಸ್4ನಲ್ಲೇ ಪಿ = 3ಕ್ಕೆ ನೀವೇ ಒಮ್ಮೆ ಎಣಿಸಿ ನೋಡಿ. ಎರಡೂ ಕಡೆ 3 ಬರಬೇಕು. ಬರದಿದ್ದರೆ ಲೆಕ್ಕದ ಹಾಳೆ ಸಮೇತ ಪತ್ರ ಬರೆಯಿರಿ.