ಗೋವಿನಜೋಳದ ಲದ್ದಿ ಹುಳುವಿಗೂ ಚಿಗರಿ ಕಾಟಕ್ಕೂ ಒಂದೇ ಡ್ರೋನ್ ಸಾಕಾ?

ಹೊಲ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಪಕ್ಕ, ಡ್ರೋನ್ ಕೊಂಡರೆ ಹುಳುವಿಗೆ ಎಣ್ಣೆಯನ್ನೂ (ಕೀಟನಾಶಕ) ಹೊಡೆಯಬಹುದು, ಚಿಗರಿಯನ್ನೂ (ಕೃಷ್ಣಮೃಗ) ಓಡಿಸಬಹುದು ಅಂತ ಕೇಳಿದ್ದೀರಿ. ನಾನೂ ಅದೇ ಕಡೆಯವನು. ಹೊಸದರಲ್ಲಿ ನನ್ನ ಯೋಚನೆಯೂ ಹೀಗೇ ಇತ್ತು.

ಈ ಲದ್ದಿ ಹುಳು, ಅಂದರೆ ಫಾಲ್ ಸೈನಿಕ ಹುಳು, ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ನನ್ನ ಹೊಲದಲ್ಲಿ ಮರಿ ಹುಳು ಕಂಡಾಗ ಬೆನ್ನಿನ ಪಂಪು ಹೊರುವ ಆಳು ಸಿಗಲಿಲ್ಲ. ಬಾಡಿಗೆ ಡ್ರೋನ್ ಕರೆಸಿದೆ.

ಡ್ರೋನ್ ತಂದ ಹುಡುಗ ಅದರ ಟ್ಯಾಂಕಿಗೆ ನೀರು ತುಂಬಿ, "ಔಷಧ ಎಷ್ಟು ಹಾಕಲಿ ಅಣ್ಣಾ?" ಅಂದ. "ಲೀಟರಿಗೆ 0.4 ಗ್ರಾಂ" ಅಂದೆ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಅನ್ನುವ ಹುಳುವಿನ ಔಷಧಕ್ಕೆ ಬಾಯಿಪಾಠ ಆಗಿರುವ ಅಳತೆ ಅದು. ಆದರೆ ಅದು ಬೆನ್ನಿನ ಪಂಪಿನ ಲೆಕ್ಕ! ಎಕರೆಗೆ 200 ಲೀಟರ್ ನೀರು ಹೊಡೆದರೆ 80 ಗ್ರಾಂ ಔಷಧ ಬೀಳುತ್ತದೆ. ಡ್ರೋನ್ ಎಕರೆಗೆ ಹೊಡೆಯುವುದೇ ಸುಮಾರು 10 ಲೀಟರ್. ಅದೇ ಅಳತೆ ಹಾಕಿದರೆ ಹೊಲಕ್ಕೆ ಬೀಳುವುದು 4 ಗ್ರಾಂ. ಇಪ್ಪತ್ತರಲ್ಲಿ ಒಂದು ಪಾಲು! ನೀರು ಕಡಿಮೆ ಆದರೂ ಎಕರೆಗೆ ಬೀಳುವ ಔಷಧ ಅಷ್ಟೇ ಇರಬೇಕು. ಡ್ರೋನಿಗೆ ಎಕರೆ ಲೆಕ್ಕ ಹಿಡಿಯಬೇಕು, ಲೀಟರ್ ಲೆಕ್ಕ ಅಲ್ಲ. ಇದನ್ನೇ ಮೂರು ಸಲ ಓದಿಕೊಳ್ಳಿ. ಹುಡುಗನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಗಿರಾಕಿಗೆ ಎದುರು ಮಾತಾಡುವವನಲ್ಲ.

ಎಣ್ಣೆ ಬಿದ್ದಿದೆ ಅಂತ ನಾನು ಆರಾಮಾಗಿದ್ದೆ. ಹುಳು ಬಲಿತು ಸುಳಿಗೆ ಇಳಿಯಿತು. ಇಳಿದ ಮೇಲೆ ತನ್ನ ಲದ್ದಿಯಿಂದಲೇ ಸುಳಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಸರಿಯಾದ ಅಳತೆಯಲ್ಲಿ ಹೊಡೆದರೂ ಮೈಗೆ ತಾಗುವುದು ಕಷ್ಟ. ಎರಡನೇ ಸಲದ ಬಾಡಿಗೆಯೂ ಹೋಯಿತು, ಇಳುವರಿಯೂ ಹೋಯಿತು. ಊರವರು ಡ್ರೋನನ್ನೇ ಬೈದರು. ಪಾಪ, ಅದೇನು ಮಾಡೀತು?

ಹಾಗಾಗಿ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಪೈಲಟ್ ಸರ್ಟಿಫಿಕೇಟ್ ಇರುವವರನ್ನೇ ಕರೆಯಿರಿ. ಮೊದಲು ಹೊಲ ಸುತ್ತಿ ಸುಳಿ ಬಿಡಿಸಿ ನೋಡಿ. ಹುಳು ಸಣ್ಣದಿದ್ದಾಗ, ಗಾಳಿ ಇಲ್ಲದ ಮುಂಜಾನೆ ಅಥವಾ ಸಂಜೆ ಹೊಡೆಸಿ. ಹೂ ಬಿಟ್ಟ ಮೇಲೆ ಬೇಡವೇ ಬೇಡ. ಜೇನುಹುಳುಗಳು ಪರಾಗಕ್ಕೆ ಬರುತ್ತವೆ, ಈ ಔಷಧ ಅವಕ್ಕೆ ವಿಷ. ತೌಡು, ಬೆಲ್ಲ ಕಲಸಿ ಥಯೋಡಿಕಾರ್ಬ್ ಅನ್ನುವ ಕೀಟನಾಶಕ ಹಾಕುವ ವಿಷದ ಉಂಡೆಯನ್ನು ಹಲವರು ಹೇಳುತ್ತಾರೆ. ನಿಮ್ಮ ಹೊಲದಲ್ಲಿ ಚಿಗರಿ ಮೇಯುತ್ತವೆ, ಆ ಗೊಡವೆಗೆ ಹೋಗಬೇಡಿ.

ಇನ್ನು ಚಿಗರಿ ಓಡಿಸುವ ಮಾತು. ಹುಳು, ಚಿಗರಿ ಎರಡನ್ನೂ ಒಂದೇ ಸಾಲಿಗೆ ಸೇರಿಸಿದ್ದು ನನಗೆ ಹಿಡಿಸಲಿಲ್ಲ. ಹುಳು ಹೊರಗಿಂದ ಬಂದದ್ದು, ಚಿಗರಿ ಇಲ್ಲಿಯದು. ಅಭಯಾರಣ್ಯ ಆಗಿದ್ದೇ ಅವಕ್ಕಾಗಿ, 1974ರಲ್ಲಿ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಆ ಕಾಯ್ದೆಯಲ್ಲಿ ಬೇಟೆ ಅಂದರೆ ಅಟ್ಟುವುದೂ ಸೇರುತ್ತದೆ. ಅಷ್ಟೇ ಅಲ್ಲ, ಬೆದರಿ ಜಾಸ್ತಿ ಓಡಿದರೆ ಈ ಜಾತಿಯ ಪ್ರಾಣಿಗಳು ಸ್ನಾಯು ಕೆಟ್ಟು ಸತ್ತೇ ಹೋಗಬಹುದು. ಮೇಯ್ದ ಸಾಲುಗಳ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಬೆಳೆ ಹಾನಿ ಅರ್ಜಿ ಹಾಕಿ. ಫೋಟೊ ಅವತ್ತೇ ತೆಗೆಯಿರಿ, ಮಳೆ ಬಂದರೆ ಹೆಜ್ಜೆ ಗುರುತು ಉಳಿಯುವುದಿಲ್ಲ.